ಬಡಗಣ ಕಿಟಕಿಯ ಹಲಗೆ

ಹುಣಸೂರು ದಾಟಿ ಬಸ್ಸು ಪಿರಿಯಾಪಟ್ಟಣದ ದಾರಿ ಹಿಡಿಯಿತೆಂದರೆ, ಈ ತಿಂಗಳಲ್ಲಿ ಕಿಟಕಿ ಎಳೆದುಕೊಂಡರೂ ಆ ವಾಸನೆ ಒಳಗೆ ಬಂದೇ ಬರುತ್ತದೆ. ಬೆಲ್ಲದ ಪಾಕ ತುಸು ಸೀದ ಹಾಗೆ, ನೆನೆದ ಹುಲ್ಲಿನ ಮೇಲೆ ಬಿಸಿಲು ಬಿದ್ದ ಹಾಗೆ. ಬ್ಯಾರನ್ ಮನೆಗಳಲ್ಲಿ ಬೆಂಕಿಯ ಕಾವಿಗೆ ಹೊಗೆಸೊಪ್ಪು ಹದವಾಗುವ ವಾಸನೆ ಅದು. ಹೊರಗಿನವರು ಮೂಗಿಗೆ ಸೆರಗು ಹಿಡಿಯುತ್ತಾರೆ. ನಮಗೆ ಅದು ಅನ್ನದ ವಾಸನೆ.

ಗೌರಿ ಹಬ್ಬ ಮುಗಿದ ವಾರ. ಮೈಸೂರಿನಲ್ಲಿ ವರ್ಷಕ್ಕೊಮ್ಮೆಯ ಸ್ಕ್ಯಾನ್ ಮಾಡಿಸಿಕೊಂಡು, ಅದರ ದೊಡ್ಡ ಕವರನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬರುತ್ತಿದ್ದೆ. ಪಕ್ಕದಲ್ಲಿ ಕೂತಿದ್ದಾಕೆ ಕವರನ್ನೇ ನೋಡಿ ನೋಡಿ, ತಡೆಯಲಾರದೆ ಕೇಳಿದರು.

“ಮಂಡಿ ಸ್ಕ್ಯಾನೇನವ್ವಾ?”

“ಇಲ್ಲ ಕಣ್ರೀ, ತಲೇದು.”

ಆಕೆ ಅರ್ಧ ಗೇಣು ಆಚೆ ಸರಿದು ಕೂತರು. ನನಗೆ ನಗು ಬಂತು. ಅಷ್ಟರಲ್ಲಿ ಸೊಪ್ಪಿನ ವಾಸನೆ ಬಸ್ಸಿನೊಳಗೆ ನುಗ್ಗಿ, ನನ್ನನ್ನು ಎಳೆದುಕೊಂಡು ಕಾಯಿಲೆ ಗೊತ್ತಾದ ಆ ವರ್ಷದ ಬ್ಯಾರನ್ ಬಾಗಿಲಿಗೆ ನಿಲ್ಲಿಸಿತು.

ನಮ್ಮ ಮನೆಯಲ್ಲಿ ಸೊಪ್ಪಿನ ಕೆಲಸ ಮೊದಲಿಂದಲೂ ಹಂಚಿಹೋಗಿದೆ. ಹೊಲ, ಸೌದೆ, ಬ್ಯಾರನ್ನಿನ ಬೆಂಕಿ ನನ್ನ ಗಂಡ ನಿಂಗರಾಜು ಅವರದು. ಹದವಾಗಿ ಬಂದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವುದು ಹೆಂಗಸರದು. ನಡುಮನೆಯ ಬಡಗಣ ಕಿಟಕಿಯ ಕೆಳಗೆ ಒಂದು ಹಲಸಿನ ಹಲಗೆ ಇದೆ. ಬಡಗಣ ಬೆಳಕಿನಲ್ಲಿ ಬಿಸಿಲಿನ ಮೋಸ ಇಲ್ಲ, ಎಲೆಯ ನಿಜವಾದ ಬಣ್ಣ ಕಾಣುತ್ತದೆ. ಇದು ನಿಂಬೆ, ಇದು ಕಿತ್ತಳೆ, ಇದು ಕಂದಿದ್ದು, ಇದರಲ್ಲಿ ಹಸಿರು ಉಳಿದಿದೆ ಅಂತ ಆ ಹಲಗೆಯ ಮೇಲೆ ಕೂತವಳು ಹೇಳಿದ್ದೇ ಕೊನೆಯ ಮಾತು. ಬೇರೆ ಬಣ್ಣದ ನಾಲ್ಕೆಲೆ ಸೇರಿಕೊಂಡರೂ ಹರಾಜು ಕಟ್ಟೆಯಿಂದ ಇಡೀ ಬೇಲು, ಅಂದರೆ ಸೊಪ್ಪಿನ ದೊಡ್ಡ ಕಟ್ಟೇ, ವಾಪಸ್ ಬರಬಹುದು. ಅತ್ತೆ ಸಣ್ಣಮ್ಮ ಬಹಳ ವರ್ಷ ಅಲ್ಲಿ ಕೂತಿದ್ದವರು. ಕಣ್ಣಿಗೆ ಪೊರೆ ಬಂದ ವರ್ಷ ಎದ್ದು, ಹಲಗೆಯನ್ನು ಸೆರಗಿನಿಂದ ಒರೆಸಿ, “ಇನ್ಮ್ಯಾಕೆ ನೀನು ಕೂತ್ಕೊ ಜಯೂ” ಅಂದರು. ಸರಗೂರಿನ ರಾಗಿ ಹೊಲದ ಮನೆಯಿಂದ ಬಂದ ನನಗೆ ಸೊಪ್ಪಿನ ಮುಖ ಪರಿಚಯವೂ ಇರಲಿಲ್ಲ. ತಾಳಿ ಕಟ್ಟಿದ ದಿನಕ್ಕಿಂತ ಆ ಹಲಗೆಯ ಮೇಲೆ ಕೂತ ದಿನವೇ ನಾನು ಈ ಮನೆಯವಳಾದೆ ಅಂತ ನನಗೆ ಅನ್ನಿಸಿದೆ.

ಆ ವರ್ಷ ಮಳೆ ಹದವಾಗಿ ಬಂದಿತ್ತು. ಆಷಾಢದ ಮೋಡದಲ್ಲೇ ಮೊದಲ ಬ್ಯಾರನ್ ತುಂಬಿ, ಇಳಿಸಿ, ಎರಡನೆಯದಕ್ಕೆ ಬೆಂಕಿ ಹಾಕಿದ್ದೆವು. ಬಲಗಣ್ಣು ಆಡಿಸಿದರೆ ಒಳಗೆಲ್ಲೋ ಜಗ್ಗಿದಂತೆ ನೋವು ಬರುತ್ತಿತ್ತು. ಧೂಳು ಅಂದುಕೊಂಡು ತಣ್ಣೀರು ಹಾಕಿ ಸುಮ್ಮನಿದ್ದೆ. ಮೊದಲ ಸೊಪ್ಪಿನ ಬಣ್ಣ ನೋಡುತ್ತಾ ಹಲಗೆಯ ಮೇಲೆ ಕೂತಿದ್ದಾಗ ಎಡಗಣ್ಣಿಗೆ ಒಂದು ಚೂರು ಎಲೆಪುಡಿ ಹಾರಿತು. ಆ ಕಣ್ಣು ಮುಚ್ಚಿ ಉಜ್ಜುತ್ತಾ ಬಲಗಣ್ಣಿನಲ್ಲಿ ನೋಡುತ್ತೇನೆ, ಕೈಯಲ್ಲಿದ್ದ ನಿಂಬೆ ಬಣ್ಣದ ಎಲೆ ಬೂದಿಯಾಗಿತ್ತು. ನಡುವಿನಲ್ಲಿ ಯಾರೋ ಕರಿ ಬಟ್ಟೆಯ ತೇಪೆ ಹಾಕಿದ ಹಾಗೆ. ಇನ್ನೊಂದು ಎಲೆ ತೆಗೆದೆ, ಅದೂ ಬೂದಿ.

“ಅಮಲು ಕಣಮ್ಮಿ, ಹಸಿ ಸೊಪ್ಪಿನ ಅಮಲು,” ಅಂದರು ಅತ್ತೆ. “ಮೈಯೊಳಕ್ಕೆ ಇಳ್ದುಬುಟ್ಟದೆ. ಕಾವು ಕೊಟ್ರೆ ಬೆವರಲ್ಲಿ ಓಯ್ತದೆ, ಬುಡು.”

ನಮ್ಮ ಕಡೆ ಹೆಂಗಸಿನ ಯಾವ ಕಾಯಿಲೆಗೂ ಬಚ್ಚಲಿನ ಹಂಡೆಯೇ ಮೊದಲ ಡಾಕ್ಟರು. ಅತ್ತೆ ಲಕ್ಕಿ ಸೊಪ್ಪು ತಂದು ಹಂಡೆಗೆ ತುಂಬಿ, ಬಾಣಂತಿಗೆ ಹಾಕುವ ಹಾಗೆ ಚೊಂಬು ಚೊಂಬು ಸುಡುನೀರು ಎರೆದರು. ಎದ್ದು ಬರುವಷ್ಟರಲ್ಲಿ ಬಲಗಣ್ಣು ಪೂರ್ತಿ ಮಂಜಾಗಿ, ಕಾಲೆರಡೂ ಒಗೆದು ಹಿಂಡಿದ ಬಟ್ಟೆಯಾಗಿದ್ದವು. ಗೋಡೆ ಹಿಡಿದು ನಡೆದೆ. ಅತ್ತೆಗೆ ಸಮಾಧಾನವಾಯಿತು.

“ನೋಡ್ದಾ, ಇಳೀತಾ ಅದೆ ಅಮಲು. ಇಳಿಯೋವಾಗ ಇಂಗೇಯಾ.”

ಮಾರನೆಯ ದಿನ ಇನ್ನಷ್ಟು ಸೌದೆ. ಸಂಜೆಯ ಹೊತ್ತಿಗೆ ಮೈ ತಣಿದು ಸ್ವಲ್ಪ ಕಾಣುವುದು, ಬೆಳಿಗ್ಗೆ ಸ್ನಾನವಾದರೆ ಮತ್ತೆ ಮಂಜು. ರೋಗ ಹೊರಗೆ ಬರುತ್ತಿದೆ ಅಂತಲೇ ಎಲ್ಲರೂ ನಂಬಿದ್ದೆವು. ನಾನೂ ನಂಬಿದ್ದೆ. ಪ್ರೀತಿಯಿಂದ ಎರೆದ ನೀರನ್ನು ಅನುಮಾನಿಸುವುದು ಹೇಗೆ?

ಕೊನೆಗೆ ನಮ್ಮವರೇ ಒಂದು ದಿನ ಬೆಂಕಿಯನ್ನು ತಮ್ಮನಿಗೆ ಒಪ್ಪಿಸಿ, ಕೆ.ಆರ್. ನಗರದಲ್ಲಿ ಅವರ ಅಕ್ಕನಿಗೆ ಪೊರೆ ತೆಗೆದಿದ್ದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಟಾರ್ಚನ್ನು ಎಡಗಣ್ಣಿಗೆ ಬಿಟ್ಟರು, ಬಲಗಣ್ಣಿಗೆ ಬಿಟ್ಟರು, ಮತ್ತೆ ಎಡಕ್ಕೆ ಹೋದರು. ಆಮೇಲೆ ಒಂದು ಕೆಂಪು ಮುಚ್ಚಳ ತೋರಿಸಿ, “ಎರಡು ಕಣ್ಣಿಗೂ ಒಂದೇ ಕೆಂಪಾ?” ಅಂತ ಕೇಳಿದರು. ಎಡಗಣ್ಣಿಗೆ ಅದು ಹಣ್ಣು ಮೆಣಸಿನಕಾಯಿ, ಬಲಗಣ್ಣಿಗೆ ತೊಳೆದಿಟ್ಟ ಇಟ್ಟಿಗೆ.

“ಕಣ್ಣು ಚೆನ್ನಾಗಿದೆಯಮ್ಮಾ,” ಅಂದರು. “ಕಣ್ಣಿನಿಂದ ಮಿದುಳಿಗೆ ಹೋಗುವ ನರ ಊದಿಕೊಂಡಿದೆ. ಇದಕ್ಕೆ ಹನಿ ಹಾಕಿ ಕೂರಬಾರದು. ಮೈಸೂರಿಗೆ ಹೋಗಿ, ನರದ ಡಾಕ್ಟರನ್ನು ನೋಡಿ.”

ಮೈಸೂರಿಗೆ ಅತ್ತೆಯೂ ಹೊರಟು ನಿಂತರು. ಅಲ್ಲಿನ ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು, ಅವಸರ ಮಾಡದವರು. ಸೂಜಿಯಿಂದ ಚುಚ್ಚಿ, ಸುತ್ತಿಗೆಯಿಂದ ಮಂಡಿ ತಟ್ಟಿ, ಗೆರೆ ಮೇಲೆ ನಡೆಸಿ ನೋಡಿ ಕೇಳಿದರು: “ಇದಕ್ಕೆ ಮುಂಚೆ ಯಾವಾಗಲಾದರೂ ಕೈಕಾಲು ಜೋಮು ಹಿಡಿದಿತ್ತಾ? ನಡಿಗೆ ತಪ್ಪಿತ್ತಾ?”

“ಇಲ್ಲ,” ಅಂದೆ.

“ಇಲ್ವಾ?” ಅತ್ತೆ ಹಿಂದಿನಿಂದ ಕೂಗಿದರು. “ಚಿಕ್ಕ ಮಗೀನ ಬಾಣಂತನ ಮರ್ತೋಯ್ತಾ ನಿಂಗೆ? ಸರಗೂರಲ್ಲಿ ನಿಮ್ಮವ್ವನ ಮನೇಲಿ ಗ್ವಾಡೆ ಇಡ್ಕಂಡು ಓಡಾಡ್ತಿರ್ಲಿಲ್ವಾ? ನೆಲದ ಮ್ಯಾಲೆ ಹತ್ತಿ ಹಾಸ್ದಂಗಾಯ್ತದೆ ಕಣತ್ತೆ, ಪಾದಕ್ಕೆ ನೆಲಾನೇ ಗೊತ್ತಾಗಾಕಿಲ್ಲ ಅಂತ ಅತ್ತಿದ್ದೆ!”

ಹೌದು. ಮಗಳು ಹುಟ್ಟಿದ ಎರಡನೇ ತಿಂಗಳು. ಬಾಣಂತಿ ಶೀತ ಅಂದಿದ್ದರು. ತಾನಾಗಿ ಬಂದದ್ದು ತಾನಾಗಿ ಹೋಯಿತು, ಮಗಳು ಆಗಲೇ ಹೈಸ್ಕೂಲು ಮುಗಿಸುತ್ತಿದ್ದಳು. ಡಾಕ್ಟರು ಪೆನ್ನು ಕೆಳಗಿಟ್ಟು ಅತ್ತೆಯ ಕಡೆ ತಿರುಗಿದರು. “ಅಜ್ಜಿ, ನನಗೆ ಬೇಕಾಗಿದ್ದ ಮಾತು ಇದೇ. ಕೂತ್ಕೊಳ್ಳಿ, ನೀವೂ ಕೇಳಿ.”

ಸ್ಕ್ಯಾನ್ ಆಯಿತು, ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಆಯಿತು, ಇದೇ ತರ ತೋರುವ ಬೇರೆ ಕಾಯಿಲೆಗಳಲ್ಲ ಅಂತ ನೋಡಲು ರಕ್ತ ಪರೀಕ್ಷೆಯೂ ಆಯಿತು. ಮಿದುಳಿನ ಚಿತ್ರದಲ್ಲಿ ಅಲ್ಲಲ್ಲಿ ಬಿಳಿ ಚುಕ್ಕಿಗಳಿದ್ದವು. ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್. ಅಂದರು. ಒಂದು ಸಲ ಕಾಲು, ಇನ್ನೊಂದು ಸಲ ಕಣ್ಣು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜಾಗಕ್ಕೆ ಬಂದದ್ದೇ ಅದರ ಗುರುತಂತೆ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ, ನರಗಳ ಮೇಲಿನ ಹೊದಿಕೆಯನ್ನು ಕಚ್ಚುತ್ತದಂತೆ. ಹೊದಿಕೆ ಹೋದ ಕಡೆ ಸುದ್ದಿ ಸರಿಯಾಗಿ ಹರಿಯುವುದಿಲ್ಲ.

ನಮ್ಮವರು ಪಂಪ್‌ಸೆಟ್ಟಿನ ವೈರನ್ನು ತಾವೇ ಸರಿಮಾಡುವವರು. ತಡೆಯದೆ ಕೇಳಿದರು, “ಅಂಗಾದ್ರೆ ಟೇಪ್ ಸುತ್ತಕ್ಕಾಗಲ್ವಾ ಮೇಡಂ?”

ಡಾಕ್ಟರು ನಕ್ಕರು. “ಸ್ವಲ್ಪ ಟೇಪನ್ನ ಮೈಯೇ ಸುತ್ತಿಕೊಳ್ಳುತ್ತೆ. ನಮ್ಮ ಕೆಲಸ ವೈರ್ ಕಡಿಯೋದನ್ನ ತಡೆಯೋದು. ಪೂರ್ತಿ ವಾಸಿ ಮಾಡೋ ಮದ್ದು ಇನ್ನೂ ಬಂದಿಲ್ಲ. ಆದರೆ ಹಿಡಿದು ನಿಲ್ಲಿಸೋ ಮದ್ದುಗಳಿವೆ. ಈಗ ಡ್ರಿಪ್ ಕೊಡ್ತೀನಿ, ಊತ ಬೇಗ ಇಳಿಯುತ್ತೆ. ಆಮೇಲೆ ಮತ್ತೆ ಬರದ ಹಾಗೆ ದಿನಾ ಮಾತ್ರೆ.” ಆಮೇಲೆ ನಮ್ಮವರ ಜೇಬಿನಲ್ಲಿ ಇಣುಕುತ್ತಿದ್ದ ಬೀಡಿ ಕಟ್ಟಿನ ಕಡೆ ನೋಡಿ, “ಇದರ ಹೊಗೆ ಈ ಕಾಯಿಲೆಗೆ ಆಗಲ್ಲ. ಸೇದೋರಿಗೂ ಆಗಲ್ಲ, ಪಕ್ಕದಲ್ಲಿರೋರಿಗೂ ಆಗಲ್ಲ,” ಅಂದರು.

ನಾನು ಕೇಳಿದ್ದು ಒಂದೇ ಮಾತು. “ಬಣ್ಣ ವಾಪಸ್ ಬರ್ತದಾ ಮೇಡಂ?”

“ಬಹಳಷ್ಟು ಬರಬಹುದು. ಮಾತು ಕೊಡಕ್ಕಾಗಲ್ಲ.”

ಡ್ರಿಪ್ಪಿನ ದಿನಗಳಲ್ಲಿ ಬಾಯಿ ತುಂಬ ಕಬ್ಬಿಣದ ರುಚಿ, ನಿದ್ದೆ ಇಲ್ಲ, ಹೊಟ್ಟೆಗೆ ಎಷ್ಟು ಹಾಕಿದರೂ ಹಸಿವು. ಊರಿಗೆ ಬಂದಾಗ ನಾಲ್ಕನೇ ಬ್ಯಾರನ್ ಉರಿಯುತ್ತಿತ್ತು. ದಿನಾ ಬೆಳಿಗ್ಗೆ ದೇವರ ಗೂಡಿನ ಮುಂದೆ ನಿಂತು ಎಡಗಣ್ಣಿಗೆ ಅಂಗೈ ಮುಚ್ಚಿ ಕುಂಕುಮದ ಭರಣಿ ನೋಡುತ್ತಿದ್ದೆ. ಮೊದಲು ಇಟ್ಟಿಗೆ ಪುಡಿ. ಆಮೇಲೆ ಒಣಗಿದ ದಾಸವಾಳ. ಒಂದು ದಿನ ಮುಂದೆ ಬಂದಂತೆ, ಇನ್ನೊಂದು ದಿನ ಅಲ್ಲೇ ನಿಂತಂತೆ. ಹಿಂದೆ ನಿಂತಿದ್ದ ಅತ್ತೆ, “ಇವತ್ತು ಎಂಗದೆ?” ಅಂತ ಕೇಳುವರು. “ಪರವಾಗಿಲ್ಲ,” ಅನ್ನುವೆ. ನಾವಿಬ್ಬರೂ ಕುಂಕುಮದ ಮಾತಾಡುತ್ತಿರಲಿಲ್ಲ, ಹಲಗೆಯ ಮಾತಾಡುತ್ತಿದ್ದೆವು.

ನಮ್ಮವರು ಒಂದು ಸಂಜೆ ತಟ್ಟೆಯ ಮುಂದೆ ಕೂತು, ಮುದ್ದೆ ಮುರಿಯುತ್ತಾ ಮುಖ ಎತ್ತದೆ ಹೇಳಿದರು: “ಪಕ್ಕದೂರಿನ ಕೆಂಪಮ್ಮಂಗೆ ಏಳಿವ್ನಿ, ಈ ವರ್ಷ ವಿಂಗಡಣೆಗೆ ಬತ್ತಾಳೆ. ಒಂದ್ವರ್ಷಕ್ಕೆ ಅಷ್ಟೇ ಕಣೆ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬೇಲು ವಾಪಸ್ ಬಂದರೆ ವರ್ಷದ ಬೆವರು ವಾಪಸ್ ಬಂದಂತೆ. ಆದರೂ ನಾನು ತಟ್ಟೆ ಸರಿಸಿ ಎದ್ದೆ. ಒಂದು ಸಲ ಎದ್ದ ಹಲಗೆಗೆ ಮತ್ತೆ ಕೂತವರನ್ನು ನಾನು ಕಂಡಿರಲಿಲ್ಲ. ಅತ್ತೆಯೇ ಎದ್ದ ಮೇಲೆ ಕೂತಿರಲಿಲ್ಲ.

ಆ ಹಟಕ್ಕೇ ಇರಬೇಕು, ಮರುದಿನ ಮಧ್ಯಾಹ್ನ ಬ್ಯಾರನ್ ಕಡೆ ನಡೆದೆ. ಒಳಗಿನ ಸೊಪ್ಪು ಬಣ್ಣ ಹಿಡಿಯುವ ದಿನ ಅದು. ಕಿಂಡಿಯಲ್ಲಿ ನೋಡಿದ್ದು ಸಾಲದೆ, ಬಾಗಿಲು ತೆಗೆದು ಒಳಗೆ ತಲೆ ಹಾಕಿದೆ. ಕಾವು ಮುಖಕ್ಕೆ ಹೊಡೆಯಿತು. ಕೋಲುಗಳಿಗೆ ತೂಗುತ್ತಿದ್ದ ಎಲೆಗಳ ಬಣ್ಣ ಒಂದೊಂದಾಗಿ ಆರಿಹೋಯಿತು, ಮಂಡಿ ಮಡಿಸಿತು, ಬಾಗಿಲ ಬಳಿಯೇ ಕುಸಿದೆ. ನಮ್ಮವರು ಓಡಿಬಂದು ಎತ್ತಿ ಹೊಂಗೆ ಮರದ ಕೆಳಗೆ ಮಲಗಿಸಿದರು. ಮಾತ್ರೆ ಇನ್ನೂ ಶುರುವಾಗಿರಲಿಲ್ಲ, ಒಂದು ರಕ್ತದ ರಿಪೋರ್ಟು ಬರಬೇಕಿತ್ತು. ಅಷ್ಟರಲ್ಲಿ ಮತ್ತೆ ಬಂದುಬಿಟ್ಟಿತಲ್ಲ ಅಂತ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ನಮ್ಮವರು ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

“ಜ್ವರ ಇದೆಯಾ?”

“ಇಲ್ಲ ಮೇಡಂ.”

“ಎಲ್ಲಿದ್ದರು ಆಗ?”

“ಬ್ಯಾರನ್ ಬಾಗ್ಲಲ್ಲಿ. ಒಳಗೆ ಬೆಂಕಿ ಕಾವು.”

“ಹಾಗಾದರೆ ಹೆದರಬೇಡಿ. ಬಟ್ಟೆ ಒದ್ದೆ ಮಾಡಿ ತಲೆಗೆ, ಕತ್ತಿಗೆ ಹಾಕಿ. ಕುಡಿಯೋಕೆ ತಣ್ಣೀರು ಕೊಡಿ. ನೆರಳಲ್ಲೇ ಇರಲಿ. ಏಟು ತಿಂದ ನರ ಬಿಸಿಯಲ್ಲಿ ಇನ್ನೂ ಸೋಲುತ್ತೆ. ಮೈ ತಣಿದರೆ ಮತ್ತೆ ಏಳುತ್ತೆ. ಇದು ಹೊಸ ಏಟಲ್ಲ. ತಣಿದ ಮೇಲೂ ಹೋಗದೆ, ನಾಳೆ ಈ ಹೊತ್ತಿಗೂ ಹೀಗೇ ಇದ್ದರೆ ಮಾತ್ರ ಕರೆದುಕೊಂಡು ಬನ್ನಿ.”

ಅತ್ತೆ ತಮ್ಮ ಸೆರಗನ್ನೇ ಮಡಕೆಗೆ ಅದ್ದಿ ನನ್ನ ತಲೆಗೆ ಸುತ್ತಿದರು. ಹೊಂಗೆಯ ನೆರಳಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದೆ. ಒಲೆಯ ಮೇಲಿನ ಹಾಲು ಕೆಳಗಿಳಿಸಿದರೆ ಇಳಿಯುವ ಹಾಗೆ ನಿಧಾನಕ್ಕೆ ಎಲ್ಲ ಇಳಿಯಿತು. ಕಣ್ಣು ಬಿಟ್ಟಾಗ ಮೇಲೆ ಹಸಿರು ಎಲೆ, ಅದರಾಚೆ ಬಿಳಿ ಮೋಡ. ಎದ್ದು ನಿಂತೆ. ಕಾಲು ನಿಂತವು.

ಅತ್ತೆ ಮಾತ್ರ ನೆಲದ ಮೇಲೇ ಕೂತಿದ್ದರು. “ಅಂಗಾದ್ರೆ... ಹಂಡೆ ನೀರು?” ಅಂದರು ಮೆಲ್ಲಗೆ. “ದಿನಾ ಬೆಳಿಗ್ಗೆ ನಿನ್ನ ಬೇಯಿಸ್ತಿದ್ದವಳು ನಾನೇಯಾ?”

“ಅಲ್ಲ ಕಣತ್ತೆ. ನೀರಿಂದ ರೋಗ ಬರ್ಲಿಲ್ಲ. ಇದ್ದದ್ದು ಎದ್ದು ಕಾಣಿಸ್ತು ಅಷ್ಟೇ. ಡಾಕ್ಟ್ರು ಹೇಳಿದ್ದು ಕೇಳ್ಲಿಲ್ವಾ, ಹೊಸ ಏಟಲ್ಲ ಅಂತ?”

ಅವರು ಎದ್ದು ಮಡಕೆ ಎತ್ತಿಕೊಂಡು ಮನೆಗೆ ನಡೆದರು. ಬೆಳಿಗ್ಗೆ ಎದ್ದು ನೋಡಿದರೆ ಹಂಡೆಯ ಒಲೆಯಲ್ಲಿ ಬೂದಿ ಗುಡಿಸಿ, ರಂಗೋಲಿ ಎಳೆದು, ಬಾಯಿಗೆ ಅಡ್ಡ ಕಲ್ಲಿಟ್ಟಿದ್ದರು. “ಎಲ್ರೂ ಉಗುರು ಬೆಚ್ಚಗೆ ಮೀಯಿರಿ. ಯಾರೂ ಸಾಯಾಕಿಲ್ಲ,” ಅಂತ ಮನೆಗೆಲ್ಲ ಕಾನೂನು. ನಮ್ಮವರು ಮೈ ಕೈ ನೋವಿಗೆ ಒಂದು ಚೊಂಬು ಬಿಸಿನೀರು ಕೇಳಿ ಬೈಸಿಕೊಂಡರು.

ಮಾತ್ರೆ ಶುರುವಾಯಿತು. ನುಂಗಿದ ಸ್ವಲ್ಪ ಹೊತ್ತಿಗೆ ಮುಖ ಕತ್ತೆಲ್ಲ ಕೆಂಪಗಾಗಿ ಉರಿಯುತ್ತಿತ್ತು. “ಧಾರೆ ದಿನ ಇಷ್ಟೇ ಕೆಂಪಗಿದ್ದೆ ಕಣೆ,” ಅಂತ ನಮ್ಮವರು ರೇಗಿಸುವರು. ಹೊಟ್ಟೆ ತುಂಬ ಮುದ್ದೆ ಉಂಡು ನುಂಗಿದರೆ ಉರಿ ಕಡಿಮೆ ಅಂತ ಗೊತ್ತಾಯಿತು. ಬೆಳಗಿನ ತಂಪಿನಲ್ಲಿ ಕೆರೆ ಏರಿಯ ಮೇಲೆ ನಡಿಗೆ, ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ, ಮಧ್ಯಾಹ್ನ ಕಡ್ಡಾಯವಾಗಿ ಒಂದು ನಿದ್ದೆ. ಈ ಕಾಯಿಲೆಯ ಸುಸ್ತು ಸೋಮಾರಿತನವಲ್ಲ ಅಂತ ಡಾಕ್ಟರು ಎಲ್ಲರ ಎದುರಿಗೇ ಹೇಳಿದ್ದು ನನಗೆ ಮಾತ್ರೆಗಿಂತ ದೊಡ್ಡ ಉಪಕಾರವಾಗಿತ್ತು. ಬೀಡಿ ಮೊದಲು ಜಗುಲಿಯಿಂದ ಹಿತ್ತಿಲಿಗೆ ಹೋಯಿತು, ಹಿತ್ತಿಲಿಂದ ಹೊಲದ ಬದುವಿಗೆ ಹೋಯಿತು. ಅಷ್ಟು ದೂರ ನಡೆಯಲು ಬೇಜಾರಾಗಿ ಕೊನೆಗೆ ನಿಂತೇ ಹೋಯಿತು.

ಕೊನೆಯ ಬ್ಯಾರನ್ ಇಳಿಸುವ ಹೊತ್ತಿಗೆ ಕುಂಕುಮ ಹೆಚ್ಚುಕಮ್ಮಿ ಕುಂಕುಮವಾಗಿತ್ತು. ಎಡಗಣ್ಣಿನಷ್ಟು ಕೆಂಪಲ್ಲ, ಆದರೆ ಕೆಂಪು. ಎರಡೂ ಕಣ್ಣು ತೆರೆದರೆ ತಕರಾರೇ ಇಲ್ಲ. ಆಗಲೇ ಪಕ್ಕದ ಮನೆಯ ಪುಟ್ತಾಯಮ್ಮ ಬಂದು ಜಗುಲಿಯಲ್ಲಿ ಕೂತದ್ದು.

“ಕಣ್ಣು ಬಂತು, ಕಾಲು ನಿಂತ್ವು. ಇನ್ನೂ ಯಾಕಮ್ಮಿ ಆ ಉರಿ ಮಾತ್ರೆ ನುಂಗೀಯೆ? ಬುಟ್ಬುಡು ಅತ್ಲಾಗೆ.”

ನಿಜ ಹೇಳಬೇಕೆಂದರೆ ನನಗೂ ಆ ಮಾತು ರುಚಿಸಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎಲೆ ಅಡಿಕೆ ಪಕ್ಕಕ್ಕೆ ಇಟ್ಟರು.

“ಪುಟ್ತಾಯಿ, ಎಲೆ ಒಣಗ್ತು ಅಂತ ನಿನ್ನ ಗಂಡ ಬ್ಯಾರನ್ ಬೆಂಕಿ ಆರಿಸ್ಬುಟ್ಟಾನಾ?”

“ಅದೆಂಗಾಯ್ತದೆ? ದಂಟು ಒಣಗ್ಬೇಡ್ವಾ?”

“ದಂಟು ಹಸಿ ಇದ್ದಾಗ್ಲೇ ಆರಿಸಿದ್ರೆ?”

“ಬೂಸ್ಟು ಬತ್ತದೆ. ಇಡೀ ಬ್ಯಾರನ್ನೇ ಹಾಳು.”

“ಮ್ಯಾಲೆ ಚೆಂದಾಗಿ ಕಾಣೋದು ಎಲೆ ಕಣಮ್ಮಿ. ದಂಟು ಒಳಗದೆ. ಇವಳದೂ ಅಂಗೇಯಾ.”

ಪುಟ್ತಾಯಮ್ಮ ಸೋಲುವವರಲ್ಲ. “ಅಂಗಾರೆ ಇವಳ ದಂಟು ಯಾವತ್ತು ಒಣಗ್ತದೆ?”

“ಒಣಗಾಕಿಲ್ಲ,” ಅಂದರು ಅತ್ತೆ ನೆಮ್ಮದಿಯಾಗಿ. “ಅದ್ಕೇಯಾ ಬೆಂಕಿ ಆರಿಸಂಗಿಲ್ಲ.”

ಅವತ್ತಿನಿಂದ ನಾನು ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಿಲ್ಲ.

ವಿಂಗಡಣೆ ಶುರುವಾಗುವ ದಿನ ಕೆಂಪಮ್ಮ ಹತ್ತು ಗಂಟೆ ಬಸ್ಸಿಗೆ ಬರುವವಳಿದ್ದಳು. ಬೆಳಕು ಹರಿಯುತ್ತಿದ್ದಂತೆ ಅತ್ತೆ ನನ್ನನ್ನು ಎಬ್ಬಿಸಿದರು. ನಡುಮನೆಗೆ ಬಂದರೆ ಬಡಗಣ ಕಿಟಕಿ ತೆರೆದಿದೆ. ಹಲಗೆ ತೊಳೆದಿದೆ. ಪಕ್ಕದಲ್ಲಿ ಮಡಕೆ, ಮಡಕೆಯಲ್ಲಿ ನೆನೆದ ಟವೆಲ್ಲು. ಎದುರಿಗೆ ಇಬ್ಬನಿಗೆ ಬಿಟ್ಟು ಮೆತ್ತಗಾದ ಸೊಪ್ಪಿನ ರಾಶಿ.

“ತಂಪೊತ್ತಲ್ಲಿ ಕೆಲ್ಸ ಮಾಡು ಅಂದವ್ರೆ ತಾನೆ ಡಾಕ್ಟ್ರಮ್ಮ?” ಅಂದರು. “ಸೊಪ್ಪಿಗೆ ಬೇಕಾಗಿರೋದೂ ಅದೇಯಾ. ಬಿಸ್ಲೇರಿದ್ರೆ ಮುಟ್ಟಿದ್ರೆ ಪುಡಿಯಾಯ್ತದೆ. ಕೂತ್ಕೊ.”

ನಾನು ಬೆರಗಾಗಿ ನಿಂತೆ. ಇಷ್ಟು ವರ್ಷ ಆ ಹಲಗೆಯ ಮೇಲೆ ಕೂತಿದ್ದರೂ ಹೊಳೆದಿರಲಿಲ್ಲ. ಸೊಪ್ಪಿಗೂ ನನಗೂ ಬೇಕಾದ ಹವೆ ಒಂದೇ ಆಗಿತ್ತು. ಬ್ಯಾರನ್ ನನ್ನದಲ್ಲ, ಸರಿ. ಹಲಗೆ ನನ್ನದೇ.

ಒದ್ದೆ ಟವೆಲ್ಲು ಕತ್ತಿಗೆ ಸುತ್ತಿಕೊಂಡು ಕೂತೆ. ಮೊದಲ ಎಲೆ ಎತ್ತಿ ಬೆಳಕಿಗೆ ಹಿಡಿದೆ. ನಿಂಬೆ. ಎರಡನೆಯದು ಕಿತ್ತಳೆ. ಮೂರನೆಯದರ ತುದಿಯಲ್ಲಿ ಕೂದಲೆಳೆಯಷ್ಟು ಹಸಿರು ಕಂಡು ಪಕ್ಕಕ್ಕೆ ಹಾಕಿದೆ. ಆಮೇಲೆ ಕೈ ತನ್ನಷ್ಟಕ್ಕೆ ನಡೆಯಿತು. ನಮ್ಮವರು ಬಾಗಿಲಲ್ಲಿ ನಿಂತು ನೋಡಿದರು. ನಾನು ಬೇರೆ ಹಾಕಿದ ಎಲೆ ಎತ್ತಿಕೊಂಡು ಅಂಗಳದ ಬೆಳಕಿಗೆ ಹೋದರು, ತಿರುಗಿಸಿ ಮುರುಗಿಸಿ ನೋಡಿದರು, ವಾಪಸ್ ಬಂದು ಅದೇ ಜಾಗದಲ್ಲಿ ಇಟ್ಟರು. ಹತ್ತು ಗಂಟೆಗೆ ಕೆಂಪಮ್ಮ ಬಂದಾಗ ಅತ್ತೆ ಅವಳಿಗೆ ಕಾಫಿ ಕೊಟ್ಟು, “ಎಲೆ ಕಟ್ಟು ಕಟ್ಟಾಕೆ ಜನ ಬೇಕಾಗದೆ, ಬಾ,” ಅಂತ ಹಿತ್ತಿಲಿಗೆ ಕರೆದುಕೊಂಡು ಹೋದರು.

ಬಿಸಿಲು ಏರುವ ಮುಂಚೆ ನಾನು ಎದ್ದುಬಿಡುತ್ತಿದ್ದೆ. ಹಾಗಾಗಿ ಕೆಲಸ ಮೊದಲಿಗಿಂತ ನಿಧಾನವಾಯಿತು, ಹರಾಜಿಗೆ ನಮ್ಮ ಸರದಿ ಊರಿನಲ್ಲಿ ಕೊನೆಗೆ ಬಂತು. ಹರಾಜಿನ ದಿನ ನಮ್ಮವರು ಕಟ್ಟೆಯಿಂದ ಫೋನ್ ಮಾಡಿದರು. ಹಿಂದೆ ಜನರ ಗದ್ದಲ, ಅದರ ಮೇಲೆ ಇವರ ಕೂಗು.

“ಜಯೂ, ಒಂದು ಬೇಲೂ ವಾಪಸ್ ಆಗ್ಲಿಲ್ಲ ಕಣೆ! ಬಿಚ್ಚಿ ಬಿಚ್ಚಿ ನೋಡಿದ್ರು, ಒಂದೂ ಆಗ್ಲಿಲ್ಲ!”

ಅತ್ತೆಗೆ ಹೇಳಿದೆ. ಅವರು ಕಿಟಕಿಯ ಹತ್ತಿರ ಹೋಗಿ, ಸೆರಗಿನಿಂದ ಹಲಗೆ ಒರೆಸಿ ಬಂದರು. ಅಷ್ಟೇ.

ಬಸ್ಸು ನಮ್ಮೂರಿನ ಗೇಟಿನಲ್ಲಿ ನಿಂತಿತು. ಪಕ್ಕದಾಕೆಗೆ, “ಬರ್ತೀನಿ ಕಣ್ರೀ, ಅಂಟೋ ಕಾಯಿಲೆ ಅಲ್ಲ ಇದು,” ಅಂದೆ. ಅವರು ನಾಚಿಕೊಂಡು, ನಾನು ಏಳುವಾಗ ಸೀಟಿನ ಮೇಲಿಟ್ಟ ಕವರನ್ನು ತಾವೇ ಎತ್ತಿ ಕೊಟ್ಟರು. ನೆರಳಿಗೆ ಕೊಡೆ ಬಿಚ್ಚಿಕೊಂಡು ಇಳಿದರೆ, ಅರಳಿ ಕಟ್ಟೆಯ ಮೇಲೆ ಅತ್ತೆ ಕೂತಿದ್ದಾರೆ. ಈಗ ಇನ್ನೂ ಬಾಗಿದ್ದಾರೆ. ತೊಡೆಯ ಮೇಲೆ ಮಡಿಸಿದ ಒದ್ದೆ ಟವೆಲ್ಲು.

“ಹೊಸಾ ಚುಕ್ಕಿ?”

“ಈ ವರ್ಷವೂ ಇಲ್ಲ ಕಣತ್ತೆ.”

ಟವೆಲ್ಲನ್ನು ನನ್ನ ಕತ್ತಿಗೆ ಹಾಕಿ, ಕವರನ್ನು ತಾವು ಇಸಿದುಕೊಂಡು ಮುಂದೆ ನಡೆದರು.

“ಬಿರ್ರನೆ ಬಾ ಮತ್ತೆ. ಉಂಡು ಬೇಗ ಮಲಗು. ಬೆಳಿಗ್ಗೆ ಸೊಪ್ಪು ಕಾಯ್ತಾ ಅದೆ.”